ಸೋಮವಾರದ ಮಾರುಕಟ್ಟೆಯಲ್ಲಿ ದೇವರನ್ನು ಬಲ್ಲವರು ಯಾರು?

ಪ್ರಶ್ನೆ: ನಾನು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 41. ಹುಟ್ಟಿ ಬೆಳೆದದ್ದು ಗದಗ-ಬೆಟಗೇರಿಯಲ್ಲಿ, ಹಳೇ ಕ್ರೈಸ್ತ ಮನೆತನ. ವಿಶ್ವಾಸ ಪ್ರಮಾಣವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ತ್ರಿಯೇಕ ದೇವರು (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವುದು), ಕೃಪೆ, ಪಾಪಕ್ಷಮೆ, ಪುನರುತ್ಥಾನ, ಎಲ್ಲಾ ಸಂಡೇ ಸ್ಕೂಲಿನಿಂದಲೇ ಗೊತ್ತು. ಆದರೆ "ನಾನು ದೇವರನ್ನು ಬಲ್ಲೆ" ಅನ್ನಲು ನಾಲಿಗೆ ಏಳುವುದಿಲ್ಲ. ಹೆಂಡತಿ ಹಾವೇರಿಯಲ್ಲಿ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾಳೆ, ದೇವರು ನನ್ನ ಜೊತೆ ಮಾತಾಡಿದರು ಅನ್ನುತ್ತಾಳೆ. ನನಗೆ ಏನೂ ಅನ್ನಿಸುವುದಿಲ್ಲ. ಭಾನುವಾರ ಕೇಳುವ ಬೋಧನೆಗೂ ಸೋಮವಾರದ ಮಾರುಕಟ್ಟೆಗೂ ಏನು ಸಂಬಂಧ? ಯಜಮಾನರು ಒಮ್ಮೊಮ್ಮೆ ರೈತರ ತೂಕದಲ್ಲಿ ಒಂದೆರಡು ಕಿಲೋ ಕಡಿಮೆ ಬರೆ ಅನ್ನುತ್ತಾರೆ, ಬರೆಯುತ್ತೇನೆ. ಇನ್ನೊಂದು ಮಾತು, ಊರಿನ ಮನೆ ಜಾಗದ ಸಲುವಾಗಿ ಅಣ್ಣನ ಜೊತೆ ಆರು ವರ್ಷದಿಂದ ಮಾತಿಲ್ಲ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಉತ್ತರ: ಸಹೋದರರೇ, ವಂದನೆಗಳು.

ಯಾಕೆ ಬರೆದಿರಿ ಅಂತ ನನಗೆ ಗೊತ್ತು ಅನ್ನಿಸುತ್ತದೆ. ದೇವರನ್ನು ಬಲ್ಲೆನೋ ಇಲ್ಲವೋ ಅನ್ನುವುದು ಒಂದು ಪ್ರಶ್ನೆ, ಮಾರುಕಟ್ಟೆ ಇನ್ನೊಂದು, ಅಣ್ಣ ಮತ್ತೊಂದು ಅಂತ ನೀವು ಬೇರೆ ಬೇರೆ ಮಾಡಿ ಬರೆದಿದ್ದೀರಿ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇವು ಮೂರೂ ಒಂದೇ ಪ್ರಶ್ನೆ. ಇದು ನನ್ನ ಬಿಗಿಯಾದ ಅಭಿಪ್ರಾಯ, ಒಪ್ಪದವರು ಇದ್ದಾರೆ. ಆದರೂ ನಾನು ಹಾಗೆಯೇ ಹೇಳುತ್ತೇನೆ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ.

ಮೊದಲು ನಿಮಗೆ ಸ್ವಲ್ಪ ಸಮಾಧಾನ. ದೇವರ ಮನೆಯಲ್ಲೇ ಬೆಳೆದು, ಎಲ್ಲಾ ವಿಧಿಗಳನ್ನೂ ಕಲಿತು, ಆದರೂ ದೇವರನ್ನು ಬಲ್ಲೆ ಅನ್ನಲಾಗದವರಲ್ಲಿ ನೀವು ಮೊದಲಿಗರಲ್ಲ. ಸಮುವೇಲ ಸಣ್ಣ ಹುಡುಗ, ಶೀಲೋವಿನ ದೇವಾಲಯದಲ್ಲಿ ಸೇವೆ ಮಾಡುತ್ತಿದ್ದ, ದೇವರ ಮಂಜೂಷ (ಪವಿತ್ರ ಪೆಟ್ಟಿಗೆ) ಇದ್ದ ಜಾಗದಲ್ಲೇ ಮಲಗುತ್ತಿದ್ದ. ಆದರೂ 1 ಸಮುವೇಲ 3:7 ಏನು ಹೇಳುತ್ತದೆ? ಅವನು ಇನ್ನೂ ಯೆಹೋವನನ್ನು, ಅಂದರೆ ದೇವರನ್ನು, ತಿಳಿದಿರಲಿಲ್ಲ ಅನ್ನುತ್ತದೆ. ಅದರಲ್ಲಿ ಬೈಗುಳ ಇಲ್ಲ. ಇನ್ನೂ ತಿಳಿದಿರಲಿಲ್ಲ, ಅಷ್ಟೇ. ಮುಂದೆ ತಿಳಿಯಲಿದ್ದ.

ಅದೇ ಪುಸ್ತಕದ ಹಿಂದಿನ ಅಧ್ಯಾಯದಲ್ಲಿ ಅದೇ ಮಾತು ಇನ್ನಿಬ್ಬರ ಬಗ್ಗೆ ಬರುತ್ತದೆ, ಅಲ್ಲಿ ಅದು ಖಾರವಾಗಿದೆ. ಮಹಾಯಾಜಕ ಏಲಿಯ ಮಕ್ಕಳು, ಹೊಫ್ನಿ ಮತ್ತು ಫೀನೆಹಾಸ. ಅವರೂ ಯಾಜಕರೇ, ಹುದ್ದೆಯಲ್ಲಿದ್ದವರು, ಧರ್ಮಶಾಸ್ತ್ರ ಗೊತ್ತಿದ್ದವರು. ಅವರು ಯೆಹೋವನನ್ನು ಬಲ್ಲವರಲ್ಲ ಎಂದು ಬರೆದು, ಮರುಸಾಲಿಗೇ ಅದಕ್ಕೆ ಸಾಕ್ಷಿ ಕೊಡುತ್ತಾರೆ. ಏನು ಸಾಕ್ಷಿ? ದೇವರಿಗೆ ದೊಡ್ಡ ಧ್ವನಿಯಲ್ಲಿ ಪ್ರಾರ್ಥಿಸಲಿಲ್ಲ ಅಂತ ಅಲ್ಲ. ಯಜ್ಞಕ್ಕೆ ಬಂದ ಸಾಮಾನ್ಯ ಮನುಷ್ಯ ಮಾಂಸ ಬೇಯಿಸುತ್ತಿದ್ದಾಗ ಇವರ ಆಳು ಮೂರು ಹಲ್ಲಿನ ಮುಳ್ಳುಚಮಚ ಹಿಡಿದು ಬರುತ್ತಿದ್ದ. ಪಾತ್ರೆಗೆ ಚುಚ್ಚಿ ಎತ್ತಿದರೆ ಎಷ್ಟು ಬಂತೋ ಅಷ್ಟು ಯಾಜಕನಿಗೆ. ಆಮೇಲಾಮೇಲೆ ಹಸಿ ಮಾಂಸವನ್ನೇ ಕೇಳತೊಡಗಿದರು. "ಈಗಲೇ ಕೊಡು, ಇಲ್ಲದಿದ್ದರೆ ಕಿತ್ತುಕೊಳ್ಳುತ್ತೇನೆ." ಬಂದವನು ಹಳ್ಳಿಯವನು, ಅವನೇನು ಮಾಡಿಯಾನು?

ನಿಮಗೆ ಇದು ಎಲ್ಲೋ ನೋಡಿದ ಹಾಗೆ ಅನ್ನಿಸುತ್ತಿದೆ, ಅಲ್ವಾ? ರೈತ ಒಂದು ವರ್ಷದ ದುಡಿಮೆಯನ್ನು ಚೀಲಕ್ಕೆ ತುಂಬಿ, ರಾತ್ರಿಯೆಲ್ಲಾ ಟ್ರ್ಯಾಕ್ಟರಿನಲ್ಲಿ ಕೂತು ಬಂದಿರುತ್ತಾನೆ. ಕಾಟಾದ ಮೇಲೆ ಚೀಲ ಇಟ್ಟಾಗ ಎಷ್ಟು ಅಂತ ಓದುವವರು ನಿಮ್ಮವರು, ಬರೆಯುವವರು ನೀವು. ಒಂದೆರಡು ಕಿಲೋ ಹೋಯಿತು ಅಂತ ಅವನು ಜಗಳ ತೆಗೆಯಲಾರ. ಆಮೇಲೆ ಪಟ್ಟಿ ಕೈಗೆ ಬಂದಾಗ ಓದಲಿಕ್ಕೂ ಪುರಸೊತ್ತಿಲ್ಲ, ಊರಿಗೆ ಹೋಗುವ ಗಾಡಿ ಹಾರ್ನ್ ಹೊಡೆಯುತ್ತಿರುತ್ತದೆ. ಏಲಿಯ ಮಕ್ಕಳ ಮುಳ್ಳುಚಮಚ ಶೀಲೋದಲ್ಲೇ ಉಳಿಯಲಿಲ್ಲ ಅಂತ ಹೇಳಿದರೆ ನೀವು ಬೇಜಾರು ಮಾಡಿಕೊಳ್ಳಬಾರದು. ನೀವೇ ಬರೆದು ತಿಳಿಸಿದ್ದೀರಿ, ಅದಕ್ಕೇ ನಾನೂ ಬಿಚ್ಚಿ ಹೇಳುತ್ತಿದ್ದೇನೆ.

ಪ್ರವಾದಿ ಯೆರೆಮೀಯ ಇದನ್ನು ಇನ್ನೂ ನೇರವಾಗಿ ಹೇಳುತ್ತಾನೆ. 22ನೇ ಅಧ್ಯಾಯ, 13ರಿಂದ 16ನೇ ವಚನ. ಯೆಹೋಯಾಕೀಮ ಅನ್ನುವ ಯೆಹೂದದ ಅರಸ ದೊಡ್ಡ ಅರಮನೆ ಕಟ್ಟಿಸಿದ. ದೇವದಾರು ಹಲಗೆ, ಕೆಂಪು ಬಣ್ಣ, ಅಗಲವಾದ ಕಿಟಕಿ. ಕೂಲಿಯವರಿಗೆ ಮಾತ್ರ ಸಂಬಳ ಕೊಡಲಿಲ್ಲ, ಬಿಟ್ಟಿ ದುಡಿಸಿದ. ಪ್ರವಾದಿ ಅವನಿಗೆ ಅವನ ಅಪ್ಪ ಯೋಷೀಯನನ್ನು ನೆನಪಿಸುತ್ತಾನೆ: ನಿನ್ನ ತಂದೆಯೂ ಉಂಡ, ಕುಡಿದ, ಸುಖವಾಗಿಯೇ ಇದ್ದ, ಆದರೆ ಬಡವರಿಗೂ ದಿಕ್ಕಿಲ್ಲದವರಿಗೂ ನ್ಯಾಯ ತೀರಿಸಿದ. ನನ್ನನ್ನು ತಿಳಿಯುವುದು ಅಂದರೆ ಇದೇ ಅಲ್ಲವೇ ಎಂದು ದೇವರೇ ಕೇಳುತ್ತಾರೆ. ಇದರ ಮೇಲೆ ನಮ್ಮ ಸಭೆಗಳಲ್ಲಿ ಪ್ರಸಂಗ ಕೇಳುವುದು ಅಪರೂಪ. ಕಟ್ಟಡ ಸಮಿತಿ ಇರುವ ಸಭೆಯಲ್ಲಂತೂ ಇನ್ನೂ ಅಪರೂಪ!

ಇಲ್ಲಿ ನೀವು ನನ್ನನ್ನು ತಡೆದು ಒಂದು ಮಾತು ಕೇಳಬೇಕು. ಹಾಗಾದರೆ ಪ್ರಾಮಾಣಿಕವಾಗಿ ಬದುಕಿದರೆ ಸಾಕಲ್ಲ, ಇಷ್ಟೆಲ್ಲಾ ಬೋಧನೆ ಯಾಕೆ ಬೇಕು? ನಿಮ್ಮ ಪಕ್ಕದ ಅಂಗಡಿಯಲ್ಲಿ ಚರ್ಚಿನ ಮೆಟ್ಟಿಲು ಹತ್ತದ ಒಬ್ಬರು ನಮ್ಮ ಎಷ್ಟೋ ಹಿರಿಯರಿಗಿಂತ ಸಾಚಾ ಲೆಕ್ಕ ಬರೆಯುತ್ತಿರಬಹುದು. ಇದ್ದಾರೆ, ನಾನೂ ನೋಡಿದ್ದೇನೆ. ಕಾಯಕದ ಬಗ್ಗೆ, ನುಡಿದಂತೆ ನಡೆಯುವ ಬಗ್ಗೆ ಎಂಟುನೂರಕ್ಕೂ ಜಾಸ್ತಿ ವರ್ಷದಿಂದ ಕೇಳಿಕೊಂಡು ಬಂದ ನೆಲ ಇದು. ಪ್ರಾಮಾಣಿಕತೆ ಕ್ರೈಸ್ತರ ಸ್ವಂತ ಆಸ್ತಿಯೇನಲ್ಲ.

ಆದರೆ ನಮ್ಮ ನಂಬಿಕೆಯಲ್ಲಿ ಕ್ರಮ ಬೇರೆ. ನಾನು ಒಳ್ಳೆಯವನಾದೆ, ಆದ್ದರಿಂದ ದೇವರು ನನ್ನನ್ನು ಒಪ್ಪಿಕೊಂಡರು ಅಂತ ಅಲ್ಲ. ದೇವರು ಮೊದಲು ಬಂದರು, ಕ್ರಿಸ್ತನಲ್ಲಿ ನಮ್ಮ ಲೆಕ್ಕ ತೀರಿಸಿದರು, ಆಮೇಲೆ ನಮ್ಮ ನಡೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲನಾದ ಪೌಲ 11 ಅಧ್ಯಾಯ ದೇವರು ಏನು ಮಾಡಿದರು ಅಂತಲೇ ಬರೆದು, 12ನೇ ಅಧ್ಯಾಯಕ್ಕೆ ಬಂದು "ಆದ್ದರಿಂದ" ಎಂದು ಶುರು ಮಾಡುತ್ತಾನೆ. ಎಫೆಸದವರ ಪತ್ರದಲ್ಲೂ ಸುಮಾರು ಹಾಗೆಯೇ, ಮೂರು ಅಧ್ಯಾಯ ಅದು, ಮೂರು ಅಧ್ಯಾಯ ಇದು. ಎಫೆಸ 2:8-10 ಓದಿ. ಕೃಪೆಯಿಂದ ರಕ್ಷಣೆ, ಕ್ರಿಯೆಗಳಿಂದಲ್ಲ ಅನ್ನುತ್ತದೆ. ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. 10ನೇ ವಚನ ಸತ್ಕ್ರಿಯೆಗಳನ್ನು ಮಾಡುವುದಕ್ಕಾಗಿಯೇ ನಮ್ಮನ್ನು ಸೃಷ್ಟಿಸಿದ್ದು ಅನ್ನುತ್ತದೆ, ಅದನ್ನು ಬಾಯಿಪಾಠ ಮಾಡಿಸುವವರು ಕಡಿಮೆ.

ಬಾಯಿಪಾಠದ ಮಾತು ಬಂತು. ನಮ್ಮ ಕಡೆಯ ಹಳೇ ಸಭೆಗಳಿಗೆ ಈ ಅಭ್ಯಾಸ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತೇ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಿಮ್ಮ ಬೆಟಗೇರಿ. ಶಿಸ್ತಿನ ಜನ. ನಂಬಿಕೆಯ ಪ್ರಶ್ನೋತ್ತರ ಕಲಿಸದೆ ದೃಢೀಕರಣ, ಅಂದರೆ ಸಭೆಯ ಪೂರ್ಣ ಸದಸ್ಯತ್ವ, ಕೊಡುತ್ತಿರಲಿಲ್ಲ. ಆ ಬಾಯಿಪಾಠವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಎಲ್ಲ ಮರೆತುಹೋದ ಮುದುಕರು ವಿಶ್ವಾಸ ಪ್ರಮಾಣವನ್ನು ಮಾತ್ರ ಪೂರ್ತಿ ಹೇಳಿದ್ದನ್ನು ಕೇಳಿದವನು ನಾನು. ತೊಂದರೆ ಏನಾಯಿತೆಂದರೆ, ಉತ್ತರ ನಮಗೆ ಉಳಿಯಿತು, ಪ್ರಶ್ನೆ ಕೈಬಿಟ್ಟುಹೋಯಿತು. 1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಬರೆದ ಹಳೇ ಪ್ರಶ್ನೋತ್ತರವನ್ನು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಒಂದೊಂದು ಬೋಧನೆ ಹೇಳಿ ಮುಗಿದ ಮೇಲೆ ಅದು ಕೇಳುತ್ತದೆ: ಇದನ್ನು ನಂಬುವುದರಿಂದ ನಿನಗೇನು ಪ್ರಯೋಜನ? ದೇವರೇ ಎಲ್ಲವನ್ನೂ ಸೃಷ್ಟಿಸಿ ನಡೆಸುತ್ತಾರೆ ಅಂತ ಹೇಳಿದ ಮೇಲೂ ಅದೇ ಪ್ರಶ್ನೆ. ಉತ್ತರ ಏನೆಂದರೆ ಕಷ್ಟದಲ್ಲಿ ತಾಳ್ಮೆ, ಸುಖದಲ್ಲಿ ಕೃತಜ್ಞತೆ, ಮುಂದಿನ ದಿನಗಳಿಗೆ ಭರವಸೆ. ಈ ಒಂದು ಪ್ರಶ್ನೆಯನ್ನು ನೀವು ಜೇಬಿನಲ್ಲಿಟ್ಟುಕೊಳ್ಳಿ. ನಿಮಗೆ ಗೊತ್ತಿರುವ ಪ್ರತಿ ಬೋಧನೆಗೂ ಇದನ್ನು ಹಾಕಿ ನೋಡಿ.

ನೀವು ಲೆಕ್ಕದವರು. ಪಾಪಕ್ಷಮೆಯಿಂದಲೇ ಶುರು ಮಾಡೋಣ. ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಮ್ಯ ನೆನಪಿರಬೇಕು. ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿತ್ತು. ಅರಸ ಪೂರ್ತಿ ಮನ್ನಾ ಮಾಡಿದ. ಆ ಸೇವಕ ಹೊರಗೆ ಬಂದು, ತನಗೆ ನೂರು ಬೆಳ್ಳಿ ನಾಣ್ಯ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ಈಗ ಪೆನ್ನು ತೆಗೆಯಿರಿ. ಆ ಬೆಳ್ಳಿ ನಾಣ್ಯ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನದ ಕೂಲಿ. ಹತ್ತು ಸಾವಿರ ತಲಾಂತು ಅಂದರೆ 6 ಕೋಟಿ ದಿನದ ಕೂಲಿ. ಲೆಕ್ಕ ಸುಲಭವಾಗಲಿ ಅಂತ ದಿನಗೂಲಿ 500 ರೂಪಾಯಿ ಅಂತ ಇಟ್ಟುಕೊಳ್ಳಿ. 3,000 ಕೋಟಿ ರೂಪಾಯಿ ಆಯಿತು. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಆ ಸೇವಕ ಅರಸನ ಕಾಲಿಗೆ ಬಿದ್ದು ಸ್ವಲ್ಪ ತಾಳು, ಎಲ್ಲಾ ತೀರಿಸುತ್ತೇನೆ ಅನ್ನುತ್ತಾನೆ. ಕೇಳಿದವರು ನಕ್ಕಿರಬೇಕು.

ಈಗ ಇನ್ನೊಂದು ಸಾಲ. ನೂರು ದಿನದ ಕೂಲಿ, 50,000 ರೂಪಾಯಿ. ಬಹಳ ಪ್ರಸಂಗಿಗಳು ಇದನ್ನು ಪುಡಿಗಾಸು ಅನ್ನುತ್ತಾರೆ. ಪುಡಿಗಾಸಲ್ಲ. ಕೂಲಿ ಮಾಡುವವನಿಗೆ 50,000 ಅಂದರೆ ಮಗಳ ಫೀಸು, ಅವ್ವನ ಆಪರೇಶನ್ನು. ನಿಮ್ಮ ಅಣ್ಣ ನಿಮಗೆ ಮಾಡಿದ್ದು ಏನೂ ಅಲ್ಲ, ಮರೆತುಬಿಡಿ ಅಂತ ಯೇಸು ಹೇಳುತ್ತಿಲ್ಲ. ಅದು ನಿಜವಾದ ಸಾಲವೇ, ನೋವಾಗುವ ಸಾಲವೇ. ನಿಮ್ಮ ಹೆಸರಿನಲ್ಲಿದ್ದ 3,000 ಕೋಟಿ ಹರಿದುಹೋದ ಮೇಲೆ ಈ 50,000ದ ಚೀಟಿಯನ್ನು ಹಿಡಿದುಕೊಂಡು ಆರು ವರ್ಷ ಕೂತಿದ್ದೀರಲ್ಲ, ಅದನ್ನು ಕೇಳುತ್ತಿದ್ದಾರೆ. ಪಾಪಕ್ಷಮೆಯ ಬೋಧನೆ ನಿಮಗೆ ಗೊತ್ತು ಅಂದಿರಿ. ಪರೀಕ್ಷೆಗೆ ಬರೆಯುವಷ್ಟು ಖಂಡಿತ ಗೊತ್ತು.

ಒಂದು ಎಚ್ಚರಿಕೆಯನ್ನೂ ಸೇರಿಸಬೇಕು, ಯಾಕೆಂದರೆ ಈ ವಿಷಯದಲ್ಲಿ ಚರ್ಚಿನವರು ಬೇಕಾಬಿಟ್ಟಿ ಸಲಹೆ ಕೊಡುತ್ತಾರೆ. ಕ್ಷಮಿಸು ಅಂದರೆ ಜಾಗ ಬಿಟ್ಟುಕೊಡು ಅಂತ ಅರ್ಥವಲ್ಲ. ನಿಮ್ಮ ಪಾಲು ನಿಮ್ಮದೇ ಆಗಿದ್ದರೆ ಕಾಗದಪತ್ರ ತೋರಿಸಿ ಕೇಳಬಹುದು, ಹಿರಿಯರನ್ನು ಕೂರಿಸಬಹುದು, ಕೊನೆಗೆ ವಕೀಲರ ಹತ್ತಿರ ಹೋಗಬೇಕಾದರೆ ಹೋಗಿ, ಆದರೆ ಅಣ್ಣ ಹಾಳಾಗಲಿ ಅನ್ನುವ ಆಸೆಯನ್ನು ಒಳಗೆ ಸಾಕಿಕೊಂಡು ಹೋಗಬೇಡಿ. ಮಾತು ಬಿಡುವುದು ಬೇರೆ, ಜಾಗ ಕೇಳುವುದು ಬೇರೆ. ನೀವು ಎರಡನ್ನೂ ಒಂದೇ ಗಂಟು ಹಾಕಿ ಇಟ್ಟಿದ್ದೀರಿ ಅನ್ನಿಸುತ್ತದೆ. ಮೊದಲು ಫೋನ್ ಮಾಡಿ. ಜಾಗದ ವಿಷಯ ಆ ಫೋನಿನಲ್ಲಿ ತೆಗೆಯಬೇಡಿ. ಅಣ್ಣಾ ಹೇಗಿದ್ದೀ, ವೈನಿಗೆ ಆರಾಮ ಇದೆಯಾ ಅಂತ ಕೇಳಿ ಇಡಿ, ಸಾಕು. ಫೋನ್ ಎತ್ತದಿದ್ದರೆ? ಎತ್ತದಿರಬಹುದು. ರೋಮಾ 12:18ರಲ್ಲಿ ಪೌಲ ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನದಿಂದಿರಿ ಅನ್ನುತ್ತಾನೆ. ಇನ್ನೊಬ್ಬರ ಪಾಲಿನದನ್ನೂ ನಿಮ್ಮ ಖಾತೆಗೆ ಬರೆಯುವುದಿಲ್ಲ.

ಇನ್ನು ಮಿಕ್ಕ ಬೋಧನೆಗಳು. ದೇವರು ಮನುಷ್ಯನಾದರು ಅನ್ನುವುದನ್ನು ನಾವು ಕ್ರಿಸ್ಮಸ್ಸಿಗೆ ನಕ್ಷತ್ರ ಕಟ್ಟುವಾಗ ನೆನೆಯುತ್ತೇವೆ. ಪೌಲ ಅದನ್ನು ಯಾವಾಗ ನೆನೆಸಿದ ಗೊತ್ತಾ? ಫಿಲಿಪ್ಪಿಯ ಸಭೆಯಲ್ಲಿ ಮನಸ್ತಾಪ ಇತ್ತು. ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಹೆಣ್ಣುಮಕ್ಕಳಿಗೆ ಒಂದಾಗಿರಿ ಅಂತ ಹೆಸರು ಹಿಡಿದೇ ಬುದ್ಧಿ ಹೇಳುತ್ತಾನೆ. ಆ ಪತ್ರದ ಎರಡನೇ ಅಧ್ಯಾಯದಲ್ಲೇ, ದೇವಸ್ವರೂಪನಾಗಿದ್ದ ಕ್ರಿಸ್ತ ತನ್ನನ್ನು ಬರಿದು ಮಾಡಿಕೊಂಡು ದಾಸನಾದ, ಶಿಲುಬೆಯವರೆಗೂ ಇಳಿದ ಅನ್ನುವ ಆ ದೊಡ್ಡ ಮಾತು ಬರುವುದು. ಅದನ್ನು ಹೇಳುವುದಕ್ಕೆ ಕಾರಣ, ಒಬ್ಬರಿಗಿಂತ ಒಬ್ಬರು ಮೇಲು ಅನ್ನುವ ಜಗಳ ನಿಲ್ಲಲಿ ಅಂತ. ಇನ್ನೊಂದು ಕಡೆ, 2 ಕೊರಿಂಥ 8:9ರಲ್ಲಿ, ಐಶ್ವರ್ಯವಂತನಾಗಿದ್ದ ಕ್ರಿಸ್ತ ನಮಗೋಸ್ಕರ ಬಡವನಾದ ಅನ್ನುತ್ತಾನೆ. ಎಲ್ಲಿ? ಯೆರೂಸಲೇಮಿನ ಬಡವರಿಗೆ ಹಣ ಕೂಡಿಸುವ ಪತ್ರದಲ್ಲಿ. ಪುನರುತ್ಥಾನಕ್ಕೂ ಇದೇ ಕಥೆ. 1 ಕೊರಿಂಥ 15ನೇ ಅಧ್ಯಾಯ 58 ವಚನ, ಸತ್ತವರು ಎದ್ದು ಬರುವ ವಿಷಯ. ಕೊನೆಯ ವಚನ ನಿಮ್ಮ ದುಡಿಮೆ ವ್ಯರ್ಥವಲ್ಲ ಅನ್ನುತ್ತದೆ. ಮುಂದಿನ ವಚನ, 16:1, ದೇವಜನರಿಗಾಗಿ ಎತ್ತುವ ಹಣದ ವಿಷಯ! ಪೌಲನಿಗೆ ಅಧ್ಯಾಯಗಳ ಗೆರೆ ಇರಲಿಲ್ಲ, ಒಂದೇ ಉಸಿರಿನಲ್ಲಿ ಬರೆದ. ಭಾನುವಾರದ್ದು ಸೋಮವಾರದ್ದು ಅಂತ ಬೇರೆ ಮಾಡಿದ್ದು ನಾವು.

ನಿಮ್ಮ ಅಂಗಡಿಯ ಹಮಾಲರನ್ನೇ ತೆಗೆದುಕೊಳ್ಳಿ. ಸೀಸನ್ನಿನಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡು, ಘಾಟಿಗೆ ಕೆಮ್ಮುತ್ತಾ ಚೀಲ ಹೊರುತ್ತಾರೆ. ದೇವರು ಮನುಷ್ಯನಾದರು ಅಂದರೆ ಬೆವರುವ ಮೈಯನ್ನು ತೊಟ್ಟುಕೊಂಡರು. ನಜರೇತಿನಲ್ಲಿ ಜನ ಯೇಸುವನ್ನು ಗುರುತಿಸಿದ್ದು ಬಡಗಿ ಅಂತ, ಮಾರ್ಕ 6:3. ಹಾಗಾಗಿ ಹಮಾಲರಿಗೆ ಕೂಲಿ ಕೊಡುವ ಹೊತ್ತು ನಿಮ್ಮ ಪಾಲಿಗೆ ತತ್ವದ ಹೊತ್ತೇ. ಧರ್ಮೋಪದೇಶಕಾಂಡ 24:15 ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡು ಅನ್ನುತ್ತದೆ. ಹಣ ಪೆಟ್ಟಿಗೆಯಲ್ಲಿದ್ದೂ "ಗುರುವಾರ ಬಾ, ನೋಡೋಣ" ಅಂತ ಕಳಿಸುವುದು ನಿಮ್ಮ ಕೈಯಲ್ಲಿದ್ದರೆ, ಅದನ್ನು ಈ ವಾರವೇ ನಿಲ್ಲಿಸಬಹುದು. ಇದಕ್ಕೆ ಉಪವಾಸ ಪ್ರಾರ್ಥನೆ ಬೇಕಿಲ್ಲ.

ತೂಕದ ವಿಷಯ ಇಷ್ಟು ಸುಲಭ ಅಲ್ಲ, ಒಪ್ಪುತ್ತೇನೆ. ಯಜಮಾನರು ಹೇಳುತ್ತಾರೆ, ನೀವು ಸಂಬಳದವರು, ಮನೆಯಲ್ಲಿ ಮಕ್ಕಳು. ಸತ್ಯವೇದ ಈ ಜಾಗದಲ್ಲಿ ಬಗ್ಗುವುದಿಲ್ಲ. ಯಾಜಕಕಾಂಡ 19:35-36 ನ್ಯಾಯದ ತಕ್ಕಡಿ, ನ್ಯಾಯದ ತೂಕ ಇಡಬೇಕು ಅನ್ನುತ್ತದೆ, ಅದಕ್ಕೆ ಕಾರಣವಾಗಿ ನಿಮ್ಮನ್ನು ಐಗುಪ್ತದಿಂದ (ಈಜಿಪ್ಟಿನಿಂದ) ಬಿಡಿಸಿದ ದೇವರು ನಾನೇ ಅನ್ನುತ್ತದೆ. ನೋಡಿ, ಇಲ್ಲೂ ಕೃಪೆ ಮೊದಲು, ತಕ್ಕಡಿ ಆಮೇಲೆ. ಹಾಗಂತ ನಾಳೆಯೇ ಕೆಲಸ ಬಿಡಿ ಅಂತ ನಾನು ಹೇಳುವುದಿಲ್ಲ. ಲೂಕ 3ರಲ್ಲಿ ಸುಂಕದವರು ಸ್ನಾನಿಕನಾದ ಯೋಹಾನನ ಹತ್ತಿರ ಬಂದು ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಅವರ ಕೆಲಸವೇ ಸುಲಿಗೆಗೆ ಹೆಸರಾದದ್ದು. ಯೋಹಾನ ಬಿಟ್ಟುಬಿಡಿ ಅನ್ನಲಿಲ್ಲ. ನೇಮಕವಾದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಅಂದ. ಕಿತ್ತುಕೊಳ್ಳುವುದು ನಿಲ್ಲಬೇಕು, ಅಲ್ಲೇ ಇದ್ದುಕೊಂಡು.

ಆದ್ದರಿಂದ ಹೀಗೆ ಮಾಡಿ ನೋಡಿ. ಜನರ ಮುಂದೆ ಬೇಡ, ಮಾರುಕಟ್ಟೆ ಇಲ್ಲದ ದಿನ, ಚಹಾದ ಹೊತ್ತಿನಲ್ಲಿ ಯಜಮಾನರಿಗೆ ಮೆಲ್ಲಗೆ ಹೇಳಿ: "ಸಾಹುಕಾರ್ರೀ, ಇನ್ನುಮುಂದೆ ಕಾಟಾ ತೋರಿಸಿದ್ದನ್ನೇ ಬರೆಯುತ್ತೇನೆ, ಬೇರೆ ಏನು ಕೆಲಸ ಹೇಳಿದರೂ ಮಾಡುತ್ತೇನೆ, ಇದೊಂದು ನನ್ನಿಂದ ಆಗುವುದಿಲ್ಲ." ಅವರ ಮೇಲೆ ಪ್ರಸಂಗ ಮಾಡಬೇಡಿ. ನಿಮ್ಮ ದೇವರ ವಿಷಯವನ್ನು ಮೊದಲೇ ತೆಗೆದು ಅವರನ್ನು ಕಟ್ಟಿಹಾಕಬೇಡಿ, ಕೇಳಿದರೆ ಹೇಳಿ. ಅವರು ಸಿಟ್ಟಾಗಬಹುದು. ನಕ್ಕು ಸುಮ್ಮನಾಗಬಹುದು. ರೈತ ಹತ್ತು ವರ್ಷ ಬಿಟ್ಟು ಹೋಗದ ಅಂಗಡಿ ಯಾವುದು ಅಂತ ವ್ಯಾಪಾರಸ್ಥರಿಗೂ ಗೊತ್ತಿರುತ್ತದೆ, ಆದರೆ ಅದರ ಮೇಲೆ ಭರವಸೆ ಇಟ್ಟು ಹೇಳಬೇಡಿ, ಯಾಕೆಂದರೆ ಸಾಚಾ ಇದ್ದವರಿಗೆ ಲಾಭವೇ ಆಗುತ್ತದೆ ಅಂತ ದೇವರು ಎಲ್ಲೂ ಬರೆದುಕೊಟ್ಟಿಲ್ಲ. ಕೆಲಸ ಹೋಗುವ ಸಂಭವವೂ ಇದೆ. ಹಾಗಾಗಿ ಮಾತಾಡುವ ಮೊದಲು ಹೆಂಡತಿಗೆ ಹೇಳಿ. ಅವರು ಬರೀ ಕೂಟಕ್ಕೆ ಹೋಗುವವರಲ್ಲ, ನಿಮ್ಮ ಮನೆ ನಡೆಸುವವರು.

ಈಗ ಅವರ ವಿಷಯಕ್ಕೇ ಬರುತ್ತೇನೆ. ದೇವರು ಮಾತಾಡಿದರು ಅನ್ನುವುದನ್ನು ಕೇಳಿ ನಿಮಗೆ ಒಳಗೊಳಗೇ ಹೊಟ್ಟೆಕಿಚ್ಚೋ, ಅನುಮಾನವೋ, ಎರಡೂ ಇರಬಹುದು. ನಗಬೇಡಿ. ದೇವರು ಮಾತಾಡುತ್ತಾರೆ ಅನ್ನುವುದು ನಮ್ಮ ನಂಬಿಕೆಯ ಬುಡದಲ್ಲೇ ಇದೆ. ಆದರೆ ಎಲ್ಲಾ ಆತ್ಮದ ನುಡಿಗಳನ್ನೂ ನಂಬದೆ ಪರೀಕ್ಷಿಸಿ ಅಂತ 1 ಯೋಹಾನ 4:1 ಹೇಳುತ್ತದೆ. ಪರೀಕ್ಷೆ ಕಷ್ಟವೇನಲ್ಲ. ಆ ಧ್ವನಿ ಯಾವಾಗಲೂ ಸೈಟು, ಕಾರು, ಪ್ರಮೋಶನ್ನು, ವೈರಿಗಳ ನಾಶ ಇಷ್ಟನ್ನೇ ಮಾತಾಡುತ್ತಿದ್ದರೆ, ಸಾಲದ್ದಕ್ಕೆ ಕಾಣಿಕೆ ಇಷ್ಟೇ ಕೊಡು ಅಂತ ಅಂಕಿಯನ್ನೂ ಹೇಳುತ್ತಿದ್ದರೆ, ನನಗೆ ನಂಬಿಕೆ ಬರುವುದಿಲ್ಲ. ಆ ಧ್ವನಿ ಅವರನ್ನು ತಾಳ್ಮೆಯವರನ್ನಾಗಿ, ಅತ್ತೆಯ ಕಾಯಿಲೆಯಲ್ಲಿ ಕೂತು ಆರೈಕೆ ಮಾಡುವವರನ್ನಾಗಿ ಮಾಡುತ್ತಿದ್ದರೆ ನೀವು ಸುಮ್ನೆ ಕೃತಜ್ಞರಾಗಿರಿ. ಗಲಾತ್ಯ 5:22-23ರಲ್ಲಿ ಆತ್ಮದ ಫಲ ಅಂತ ಒಂಬತ್ತು ಗುಣ ಹೇಳಿದೆ. ಮೈ ನಡುಗುವುದು ಅದರಲ್ಲಿಲ್ಲ.

ನಿಮಗೆ ಏನೂ ಅನ್ನಿಸುವುದಿಲ್ಲ ಅಂದಿರಿ. ಅನ್ನಿಸುವುದಕ್ಕೂ ಬಲ್ಲುವುದಕ್ಕೂ ನಂಟು ಇದೆ, ಆದರೆ ಎರಡೂ ಒಂದೇ ಅಲ್ಲ. ನೀವು ನಿಮ್ಮ ಯಜಮಾನರನ್ನು ಬಲ್ಲಿರಿ. ಬೆಳಿಗ್ಗೆ ಅವರನ್ನು ನೋಡಿದ ತಕ್ಷಣ ನಿಮಗೆ ರೋಮಾಂಚನವೇನೂ ಆಗುವುದಿಲ್ಲ. ಆದರೆ ಅವರು ಊರಲ್ಲಿಲ್ಲದ ದಿನ ಒಬ್ಬ ರೈತ ಬಂದು ಮುಂಗಡ ಕೇಳಿದರೆ ಅವರೇನು ಅನ್ನುತ್ತಿದ್ದರು ಅಂತ ನಿಮಗೆ ಗೊತ್ತು. ಅವರ ಮನಸ್ಸು ನಿಮಗೆ ಗೊತ್ತು, ಅದರ ಪ್ರಕಾರ ಅವರ ಬೆನ್ನ ಹಿಂದೆಯೂ ನಡೆಯುತ್ತೀರಿ. ದೇವರನ್ನು ಬಲ್ಲೆ ಅನ್ನುವುದರಲ್ಲಿ ಬಹುಭಾಗ ಇಂಥದ್ದೇ. ಕೀರ್ತನೆಗಳನ್ನು ಬರೆದವರು ಎಷ್ಟೋ ಸಲ ದೇವರು ಎಲ್ಲಿದ್ದಾರೋ ತಿಳಿಯದೆ ಕೂಗಾಡಿದ್ದಾರೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಕೊನೆಗೂ ಬೆಳಕು ಬರುವುದಿಲ್ಲ. ಆದರೂ ಅದು ಪ್ರಾರ್ಥನೆಯೇ, ಸತ್ಯವೇದದಲ್ಲಿ ಅದಕ್ಕೂ ಜಾಗ ಇದೆ.

ಆದರೆ ದೇವರ ಮನಸ್ಸು ನಮಗೆ ಗೊತ್ತಾಗುವುದು ಹೇಗೆ? ಇಲ್ಲಿ ತ್ರಿಯೇಕ ದೇವರ ಬೋಧನೆ ಕೆಲಸಕ್ಕೆ ಬರುತ್ತದೆ, ಜನ ಅದನ್ನು ಬರೀ ಒಗಟು ಅಂತ ಪಕ್ಕಕ್ಕಿಡುತ್ತಾರೆ. 325ರಲ್ಲಿ ಈಗಿನ ಟರ್ಕಿಯ ನಿಕೇಯದಲ್ಲಿ ಬಿಷಪ್‌ಗಳು ಸೇರಿ ವಾದ ಮಾಡಿದ್ದು ಸುಮ್ಮನೆ ಕಾಲ ಕಳೆಯುವುದಕ್ಕಲ್ಲ. ಅರಿಯ ಅನ್ನುವವನು ದೇವರ ಮಗನಾದ ಯೇಸುವೂ ದೇವರು ಸೃಷ್ಟಿಸಿದವನೇ ಅಂದಿದ್ದ. ಸಭೆ ಅಲ್ಲ ಅಂದಿತು. ಯಾಕೆ ಅಷ್ಟು ಹಟ? ಯೇಸು ನಿಜವಾಗಿ ದೇವರಲ್ಲದಿದ್ದರೆ, ಕುಷ್ಠರೋಗಿಯನ್ನು ಮುಟ್ಟಿದ್ದು, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿಗೆ ಕಲ್ಲು ಬೀಳದಂತೆ ತಡೆದದ್ದು, ಸುಂಕದವನಾದ ಜಕ್ಕಾಯನ ಮನೆಯಲ್ಲಿ ಇಳಿದುಕೊಂಡದ್ದು, ಇದೆಲ್ಲಾ ಒಬ್ಬ ಒಳ್ಳೆಯ ದೂತನ ಸ್ವಭಾವ ಆಯಿತು. ಅದರ ಹಿಂದೆ ದೇವರು ಬೇರೆ ಥರ ಇರಬಹುದು, ನಮಗೇನು ಗೊತ್ತು? ಆದರೆ ನನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ ಅನ್ನುವುದು ನಿಜವಾದರೆ, ಯೇಸುವಿನ ಹಿಂದೆ ಬೇರೆ ಮುಖದ ದೇವರು ಅಡಗಿ ಕೂತಿಲ್ಲ. ಇನ್ನು ಪ್ರಾರ್ಥನೆಗೆ ಮಾತೇ ಬರುವುದಿಲ್ಲ ಅನ್ನುವ ದಿನಗಳಿಗೆ ರೋಮಾ 8:26 ಇದೆ. ಆತ್ಮನೇ ನಮ್ಮ ಒಳಗಿನ ನರಳಾಟವನ್ನು ತಂದೆಯ ಹತ್ತಿರ ಒಯ್ಯುತ್ತಾನೆ. ರಾತ್ರಿ ಅಂಗಡಿ ಮುಚ್ಚಿ ಬಂದು, ಮೈಯೆಲ್ಲಾ ಮೆಣಸಿನಕಾಯಿ ಧೂಳು, ಕಣ್ಣು ಉರಿ, ಮೊಣಕಾಲೂರಿದರೆ ನಿದ್ದೆ. ಆ ಹೊತ್ತಿನಲ್ಲೂ ಪ್ರಾರ್ಥನೆಯನ್ನು ನೀವೊಬ್ಬರೇ ಎಳೆಯುತ್ತಿಲ್ಲ ಅನ್ನುವುದೇ ಈ ಬೋಧನೆಯ ಪ್ರಯೋಜನ.

ನಿಮಗೆ ಮಾಡಲು ಒಂದು ಕೆಲಸ ಕೊಡುತ್ತೇನೆ. ಯೋಹಾನನ ಮೊದಲನೇ ಪತ್ರ ಸಣ್ಣದು, 5 ಅಧ್ಯಾಯ, 105 ವಚನ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹೆಂಡತಿಯ ಜೊತೆ ಕೂತು ಜೋರಾಗಿ ಓದಿ, ಒಂದು ಅಧ್ಯಾಯ ನೀವು, ಒಂದು ಅವರು. ದೇವರನ್ನು ಬಲ್ಲೆವು ಅಂತ ನಮಗೆ ಹೇಗೆ ಗೊತ್ತಾಗುತ್ತದೆ ಅನ್ನುವುದೇ ಆ ಪತ್ರದಲ್ಲಿ ಮತ್ತೆ ಮತ್ತೆ ಬರುವ ಮಾತು. ಅದು ಬಂದ ಕಡೆಯೆಲ್ಲಾ ಪೆನ್ಸಿಲ್ಲಿನಿಂದ ಗೆರೆ ಹಾಕಿ. 2:3ರಲ್ಲಿ ಆಜ್ಞೆಗಳನ್ನು ಕೈಕೊಳ್ಳುವುದು ಬರುತ್ತದೆ, 3:24ರಲ್ಲೂ 4:13ರಲ್ಲೂ ಆತ್ಮನು ಬರುತ್ತಾನೆ, ನಡುವೆ 3:17ರಲ್ಲಿ ಕೊರತೆಯಲ್ಲಿರುವ ಸಹೋದರನನ್ನು ನೋಡಿ ಮನಸ್ಸು ಕಲ್ಲು ಮಾಡಿಕೊಂಡವನು ಬರುತ್ತಾನೆ. ನಿಮ್ಮದೂ ಅವರದೂ ಎರಡೂ ಅಲ್ಲಿದೆ. ಓದಿದ ಮೇಲೆ ಯಾವ ಗೆರೆಯ ಹತ್ತಿರ ಇಬ್ಬರಿಗೂ ವಾದ ಬಂತು ಅಂತ ಬರೆದು ಕಳಿಸಿ, ಅಲ್ಲಿಂದ ಮುಂದೆ ಮಾತಾಡೋಣ. ತ್ರಿಯೇಕ ದೇವರ ಬಗ್ಗೆ ಇನ್ನೂ ಕೇಳುವುದಿದ್ದರೆ ಬೇರೆ ಬರೆಯಿರಿ, ಅದಕ್ಕೆ ಇನ್ನೊಂದು ಉತ್ತರವೇ ಬೇಕಾಗುತ್ತದೆ.